ಸೋತಾಗಲೆಲ್ಲ ಡಬಲ್ ಹಾಕಬಹುದಾ?

ಗೋವಾದಲ್ಲಿ, 21 ದಾಟದೆ ಡೀಲರ್‌ಗಿಂತ (ಎಲೆ ಹಂಚೋ ಕ್ಯಾಸಿನೋದವರಿಗಿಂತ) ಹೆಚ್ಚು ಮಾಡೋ ಇಸ್ಪೀಟ್ ಆಟ ಬ್ಲ್ಯಾಕ್‌ಜ್ಯಾಕ್ ಆಡುವಾಗ ಸೋತಾಗಲೆಲ್ಲ ಡಬಲ್ ಹಾಕಿದರೆ ಕೊನೆಗೆ ಎಲ್ಲ ವಾಪಸ್ ಬರುತ್ತಲ್ವಾ ಅಂತ ಕೇಳಿದ್ದೀರಿ. ಲೆಕ್ಕ ನೋಡಿ ಸಾರ್: 500, 1000, 2000, 4000, 8000. ಸತತ ಐದು ಕೈ ಸೋತರೆ 15,500 ಹೋಯ್ತು. ಆರನೇದಕ್ಕೆ 16,000 ಇಡಬೇಕು. ಟೇಬಲ್ ಮಿತಿ 10,000 ಇದ್ದರೆ ಅಲ್ಲಿಗೆ ಮುಗೀತು. ಇಷ್ಟು ಒದ್ದಾಡಿ ಗೆದ್ದರೂ ಲಾಭ ಬರೀ 500!

ಬೇಸಿಕ್ ಸ್ಟ್ರಾಟಜಿ, ಅಂದ್ರೆ ಯಾವ ಕೈ ಬಂದಾಗ ಏನು ಮಾಡಬೇಕು ಅನ್ನೋ ಲೆಕ್ಕ, ಕಲೀರಿ. ನಿಮ್ಮ ಕೈಲಿ 10, 6 ಇದ್ದು ಡೀಲರ್ ಮುಂದೆ 10 ಕಂಡರೆ, ಹೊಟ್ಟೆ ಕಲಸಿದರೂ ಇನ್ನೊಂದು ಎಲೆ ಎಳೀರಿ. ನಿಮ್ಮದು 12, ಅವರದು 5 ಅಂದ್ರೆ ಸುಮ್ಮನಿರಿ. ಎಕ್ಕದ ಜೋಡಿ, 8ರ ಜೋಡಿ ಬಂದರೆ ಒಡೆದು ಎರಡು ಕೈ ಮಾಡಿ ಆಡಿ. ಡೀಲರ್ ಮುಂದೆ ಎಕ್ಕ ಕಂಡಾಗ ಕೇಳೋ ಇನ್ಶೂರೆನ್ಸ್ ಅನ್ನೋ ಪಕ್ಕದ ಬಾಜಿ ಬೇಡವೇ ಬೇಡ. ಇಷ್ಟಾದರೂ ಮೇಲುಗೈ ಕ್ಯಾಸಿನೋದ್ದೇ, ಸ್ವಲ್ಪ ಕಮ್ಮಿ ಅಷ್ಟೆ.

ಕೂರೋ ಮುಂಚೆ, ಮೊದಲ ಎರಡೇ ಎಲೆಗೆ 21 ಆಗೋ ಬ್ಲ್ಯಾಕ್‌ಜ್ಯಾಕ್‌ಗೆ 3:2 ಕೊಡ್ತಾರಾ ನೋಡಿ. 6:5 ಟೇಬಲ್ಲಾದರೆ 500ಕ್ಕೆ 750 ಬರೋ ಕಡೆ 600 ಕೈಗಿಡ್ತಾರೆ.