ಆಳಿದವರು ಸಾಲಗಾರರಾದ ಬಗೆ

ಮಾನ್ಯರೇ,

ಸ್ವಾತಂತ್ರ್ಯ ಬಂದಾಗ ಬ್ರಿಟನ್ನೇ ಭಾರತಕ್ಕೆ ಸಾಲ ತೀರಿಸಬೇಕಾಗಿತ್ತೆಂದು ಹಿಂದಿನ ಸಂಚಿಕೆಯಲ್ಲಿ ನಾವು ಬರೆದದ್ದನ್ನು ಓದಿ, ಎರಡನೆಯ ಮಹಾಯುದ್ಧದ ಖರ್ಚನ್ನು ಆಳುವ ದೇಶವೇ ಹೊತ್ತುಕೊಂಡದ್ದು ಅದರ ಔದಾರ್ಯವಲ್ಲವೇ ಎಂದು ತಾವು ಕೇಳಿದ್ದೀರಿ. ಅಲ್ಲವೆಂದೇ ನಮ್ಮ ಅಭಿಪ್ರಾಯ.

1939ರ ನವೆಂಬರಿನಲ್ಲಿ ಲಂಡನ್ ಮತ್ತು ದೆಹಲಿಯ ಸರ್ಕಾರಗಳು ರಕ್ಷಣಾ ವೆಚ್ಚವನ್ನು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡವು. ಸೈನ್ಯದ ಶಾಂತಿಕಾಲದ ವಾರ್ಷಿಕ ವೆಚ್ಚವೆಂದು ಗೊತ್ತುಮಾಡಿದ 36.77 ಕೋಟಿ ರೂಪಾಯಿ, ಬೆಲೆಯೇರಿಕೆಯಿಂದ ಅದಕ್ಕೆ ಕೂಡುವ ಹೆಚ್ಚಳ, ಭಾರತದ ಹಿತಕ್ಕೆಂದೇ ಕೈಗೊಂಡ ಯುದ್ಧಸಿದ್ಧತೆಯ ಖರ್ಚು, ಹೊರದೇಶಗಳಲ್ಲಿದ್ದ ನಮ್ಮ ಪಡೆಗಳ ಬಾಬ್ತು ಒಂದು ಕೋಟಿ, ಇಷ್ಟು ಭಾರತದ ಪಾಲು, ಮಿಕ್ಕದ್ದು ಬ್ರಿಟನ್ನಿನದು. ಆದರೆ ಮಾತುಕತೆಯ ಎರಡೂ ಕಡೆ ಕೂತವರು ಲಂಡನ್ನಿಗೇ ಉತ್ತರ ಹೇಳಬೇಕಾದವರು. ಭಾರತೀಯರನ್ನು ಕೇಳದೆಯೇ ವೈಸ್‌ರಾಯ್ ಲಿನ್‌ಲಿತ್‌ಗೋ ಯುದ್ಧ ಘೋಷಿಸಿದ್ದನ್ನು ಪ್ರತಿಭಟಿಸಿ ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಡುತ್ತಿದ್ದ ದಿನಗಳವು. ಮುಂದೆ ಭಾರತಕ್ಕೆ ಬ್ರಿಟನ್ ಕೊಡಬೇಕಾದ ಬಾಕಿ ಬೆಳೆದಾಗ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಈ ಹಂಚಿಕೆಯನ್ನೇ ಬದಲಿಸಬೇಕೆಂದು ಹಟ ಹಿಡಿದರು. ವೈಸ್‌ರಾಯ್ ಮಂಡಲಿಯ ಹಣಕಾಸು ಸದಸ್ಯ ಜೆರೆಮಿ ರೈಸ್‌ಮನ್ ಅದನ್ನು ವಿರೋಧಿಸಿದರೆಂಬುದನ್ನೂ ನ್ಯಾಯವಾಗಿ ಇಲ್ಲಿ ಹೇಳಬೇಕು.

ಇನ್ನು, ಮಿಕ್ಕದ್ದನ್ನು ಬ್ರಿಟನ್ ಕೊಟ್ಟದ್ದಾದರೂ ಹೇಗೆ? ದವಸ, ಬಟ್ಟೆ, ಸೈನಿಕರ ಸಂಬಳ ಎಲ್ಲಕ್ಕೂ ಇಲ್ಲಿ ರೂಪಾಯಿ ಸುರಿಯಬೇಕಾಗಿದ್ದದ್ದು ಭಾರತ ಸರ್ಕಾರ; ಅದಕ್ಕೆ ಬದಲಾಗಿ ಲಂಡನ್ನಿನಲ್ಲಿ ರಿಸರ್ವ್ ಬ್ಯಾಂಕಿನ ಹೆಸರಿಗೆ ಸ್ಟರ್ಲಿಂಗ್, ಅಂದರೆ ಬ್ರಿಟನ್ನಿನ ಪೌಂಡ್ ಹಣ, ಜಮೆಯಾಗುತ್ತಿತ್ತು, ಅದರ ಆಧಾರದ ಮೇಲೆ ಇಲ್ಲಿ ನೋಟು ಅಚ್ಚಾಗುತ್ತಿತ್ತು. ಯುದ್ಧದ ಆರಂಭದಲ್ಲಿ ಸುಮಾರು 180 ಕೋಟಿ ರೂಪಾಯಿಯಷ್ಟಿದ್ದ ನೋಟು ಚಲಾವಣೆ ಯುದ್ಧ ಮುಗಿಯುವ ಹೊತ್ತಿಗೆ 1,100 ಕೋಟಿಯನ್ನು ದಾಟಿತ್ತು. ಸಾಮಾನು ಸೈನ್ಯಕ್ಕೆ ಹೋಯಿತು, ಊರಲ್ಲಿ ಕಾಗದದ ಹಣ ಉಳಿಯಿತು, ಬೆಲೆ ಏರಿತು. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತದ್ದಕ್ಕೆ ಇದೊಂದೇ ಕಾರಣವಲ್ಲ. ಆದರೆ ಕೂಲಿಯವನ ಕೈಗೆ ಅಕ್ಕಿ ಎಟುಕದಂತೆ ಮಾಡಿದ್ದರಲ್ಲಿ ಈ ಹಣದುಬ್ಬರದ ಪಾತ್ರ ದೊಡ್ಡದು. ತಾವು ಔದಾರ್ಯವೆಂದು ಕರೆದದ್ದು, ಉಣ್ಣಲು ಇಲ್ಲದವರಿಂದ ಬಲವಂತವಾಗಿ ಎತ್ತಿದ ಕೈಸಾಲ.

ವ್ಯಾಪಾರದ ಮಾತುಕತೆಗಳೂ ಇದೇ ಜಾಡಿನವು. ಸಾಮ್ರಾಜ್ಯದೊಳಗಿನ ಸರಕಿಗೆ ಸುಂಕದಲ್ಲಿ ರಿಯಾಯಿತಿ ಕೊಡುವ 1932ರ ಒಟ್ಟಾವಾ ಒಪ್ಪಂದವನ್ನು ಕೇಂದ್ರ ಶಾಸನಸಭೆ 1936ರಲ್ಲಿ ತಿರಸ್ಕರಿಸಿತು. ಅದರ ಜಾಗಕ್ಕೆ ಬಂದ 1939ರ ಒಪ್ಪಂದವನ್ನೂ ಸಭೆ ಒಪ್ಪಲಿಲ್ಲ, ಆದರೂ ಅದು ಜಾರಿಗೆ ಬಂತು. ಯುದ್ಧಕಾಲದಲ್ಲಿ ನಮ್ಮ ರಫ್ತಿನಿಂದ ಬಂದ ಡಾಲರುಗಳು ಸಾಮ್ರಾಜ್ಯದ ಸಾಮಾನ್ಯ ನಿಧಿಗೆ ಸೇರಿದವು. ಹೀಗಾಗಿ ಅಮೆರಿಕದಿಂದ ಯಂತ್ರ ತರಿಸಬೇಕೆಂದಾಗ ನಮ್ಮ ಬಳಿಯಿದ್ದದ್ದು ಡಾಲರಿಗೆ ಬದಲಾಯಿಸಿಕೊಳ್ಳಲಾಗದ ಸ್ಟರ್ಲಿಂಗ್ ಮಾತ್ರ.

ಯುದ್ಧ ಮುಗಿದಾಗ ಲಂಡನ್ನಿನಲ್ಲಿದ್ದ ಭಾರತದ ಈ ಸ್ಟರ್ಲಿಂಗ್ ಜಮೆ ಸುಮಾರು 130 ಕೋಟಿ ಪೌಂಡುಗಳಷ್ಟಿತ್ತು. 1947ರ ಆಗಸ್ಟ್ 14ರಂದು, ಸ್ವಾತಂತ್ರ್ಯದ ಮುನ್ನಾದಿನ, ಸಹಿಯಾದ ಒಪ್ಪಂದದಲ್ಲಿ ಉಳಿದಿದ್ದ ಸುಮಾರು 116 ಕೋಟಿ ಪೌಂಡುಗಳನ್ನು ಎರಡು ಖಾತೆಗಳಾಗಿ ಒಡೆದು, ಹೆಚ್ಚಿನ ಪಾಲನ್ನು ಎರಡನೆಯ ಖಾತೆಯಲ್ಲಿ ತಡೆಹಿಡಿಯಲಾಯಿತು. ಅದರಲ್ಲಿನ ತನ್ನದೇ ಹಣವನ್ನು ತೆಗೆಯಲು ಭಾರತ ಪ್ರತಿ ಸಲವೂ ಲಂಡನ್ನಿನ ಜೊತೆ ಮಾತುಕತೆಗೆ ಕೂರಬೇಕಾಯಿತು.

— ಸಂಪಾದಕ