ಮೊದಲ ಒತ್ತಿಗೆ ನೆಲ, ಎರಡನೇ ಒತ್ತಿಗೆ ಬ್ರೇಕ್

ಪ್ರಶ್ನೆ: ನನ್ನ ಹತ್ತಿರ 1960ರ ದಶಕದ ಫೋಕ್ಸ್‌ವ್ಯಾಗನ್ ಬೀಟಲ್ ಇದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಡ್ರಮ್‌ಗಳನ್ನು ಲೇತ್‌ನಲ್ಲಿ ಟರ್ನಿಂಗ್ ಮಾಡಿಸಿ ಹೊಸ ಶೂ ಹಾಕಿಸಿದೆ. ಆಮೇಲಿಂದ ಪೆಡಲ್ ಮೊದಲ ಸಲ ಒತ್ತಿದರೆ ನೆಲದ ಹತ್ತಿರ ಹೋಗುತ್ತದೆ. ತಕ್ಷಣ ಇನ್ನೊಮ್ಮೆ ಒತ್ತಿದರೆ ಮೇಲೆಯೇ ಗಟ್ಟಿಯಾಗಿ ಸಿಗುತ್ತದೆ. ಮೂರು ಸಲ ಏರ್ ತೆಗೆಸಿದ್ದಾಯಿತು, ಮಾಸ್ಟರ್ ಸಿಲಿಂಡರ್ ಕಿಟ್ ಬದಲಾಯಿಸಿದ್ದೂ ಆಯಿತು. ಹ್ಯಾಂಡ್‌ಬ್ರೇಕ್ ಟೈಟ್ ಮಾಡಿಸಿದ ಮೇಲೆ ಸ್ವಲ್ಪ ವಾಸಿ. ಈಗ ಮಾಸ್ಟರ್ ಸಿಲಿಂಡರೇ ಹೊಸದು ಬೇಕು ಅಂತಿದ್ದಾರೆ. ತರಿಸಲಾ?
(ಮೈಸೂರಿನ ಓದುಗರು)

ಉತ್ತರ: ಸದ್ಯಕ್ಕೆ ತರಿಸಬೇಡಿ. ನಿಮ್ಮ ಪ್ರಶ್ನೆಯಲ್ಲೇ ಮುಕ್ಕಾಲು ಉತ್ತರ ಇದೆ.

ಮೊದಲ ಒತ್ತಿಗೆ ಕೆಳಗೆ ಹೋಗಿ ಎರಡನೇ ಒತ್ತಿಗೆ ಮೇಲೆ ಸಿಕ್ಕರೆ, ಡ್ರಮ್‌ಗೂ (ಚಕ್ರದ ಜೊತೆ ತಿರುಗುವ ಬಟ್ಟಲು) ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಬಾಗಿದ ಶೂಗೂ ನಡುವೆ ಸಂದು ಜಾಸ್ತಿ ಇದೆ ಎಂದೇ ಮೊದಲು ಅನುಮಾನಿಸಬೇಕು. ಪೆಡಲ್ ಒತ್ತಿದಾಗ ಹೋದ ಬ್ರೇಕ್ ಆಯಿಲ್ ಎಲ್ಲಾ ಶೂ ಸರಿಸುವುದಕ್ಕೇ ಖರ್ಚಾಗುತ್ತದೆ. ಸ್ಪ್ರಿಂಗ್ ಆ ಶೂಗಳನ್ನು ಪೂರ್ತಿ ವಾಪಸ್ ಎಳೆಯುವ ಮೊದಲೇ ನೀವು ಇನ್ನೊಮ್ಮೆ ಒತ್ತುತ್ತೀರಿ. ಆಗ ಆಯಿಲ್ ಡಬ್ಬದಿಂದ ಇನ್ನಷ್ಟು ಆಯಿಲ್ ಸೇರಿಕೊಂಡು ಪೆಡಲ್ ಮೇಲೆ ಬರುತ್ತದೆ, ಅಷ್ಟೇ. ಏರ್ ಇದ್ದರೆ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿರುತ್ತದೆ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಕಪ್ (ಒಳಗಿನ ರಬ್ಬರ್ ಸೀಲ್) ಹೋಗಿದ್ದರೆ ಕಾಲಿಟ್ಟು ಒಂದೇ ಸಮ ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಕೆಳಗೆ ಇಳಿಯುತ್ತಾ ಹೋಗುತ್ತದೆ. ಇವೆರಡೂ ನಿಮ್ಮಲ್ಲಿ ಇಲ್ಲ.

ಅನುಮಾನ ಇದ್ದರೆ ಒಂದು ಪರೀಕ್ಷೆ ಮಾಡಿ. ಖರ್ಚಿಲ್ಲ. ನಾಲ್ಕೂ ಚಕ್ರಗಳ ಅಡ್ಜಸ್ಟರ್‌ಗಳನ್ನು (ಸಂದು ಹೆಚ್ಚು ಕಡಿಮೆ ಮಾಡುವ ತಿರುಪು) ಚಕ್ರ ತಿರುಗದಷ್ಟು ಬಿಗಿ ಮಾಡಿ ಪೆಡಲ್ ಒತ್ತಿ ನೋಡಿ. ಮೊದಲ ಒತ್ತಿಗೇ ಮೇಲೆ, ಕಲ್ಲಿನ ಹಾಗೆ ಸಿಕ್ಕಿದರೆ ಹೈಡ್ರಾಲಿಕ್ ಕಡೆ ಏನೂ ತೊಂದರೆ ಇಲ್ಲ, ಸಂದಿನದ್ದೇ ಸಮಸ್ಯೆ. ಆಗಲೂ ಮೆತ್ತಗಿದ್ದರೆ ಮಾತ್ರ ಏರ್, ಸಿಲಿಂಡರ್ ಅಂತ ಹುಡುಕಬೇಕು. ಮೂರು ಸಲ ಏರ್ ತೆಗೆಯುವ ಮೊದಲು ಇದನ್ನು ಒಂದು ಸಲ ಮಾಡಿದ್ದರೆ ಸಾಕಿತ್ತು.

ಹ್ಯಾಂಡ್‌ಬ್ರೇಕ್ ಟೈಟ್ ಮಾಡಿದಾಗ ವಾಸಿ ಆಯಿತು ಅಂದಿರಲ್ಲ, ಅದು ಇನ್ನೊಂದು ಸಾಕ್ಷಿ. ಕೇಬಲ್ ಹಿಂದಿನ ಶೂಗಳನ್ನು ಡ್ರಮ್ ಹತ್ತಿರ ಎಳೆದು ಹಿಡಿದಿದೆ. ಸಂದು ಕಡಿಮೆ ಆಯಿತು, ಪೆಡಲ್ ಮೇಲೆ ಬಂತು. ಆದರೆ ಇದು ರಿಪೇರಿ ಅಲ್ಲ. ಶೂಗಳು ತಮ್ಮ ಜಾಗಕ್ಕೆ ವಾಪಸ್ ಹೋಗಿ ಅಡ್ಜಸ್ಟರ್ ಮೇಲೆ ಕೂರುವುದೇ ಇಲ್ಲ. ಆ ಸ್ಥಿತಿಯಲ್ಲಿ ಮಾಡಿದ ಅಡ್ಜಸ್ಟ್‌ಮೆಂಟ್ ಎಲ್ಲಾ ಸುಳ್ಳು ಲೆಕ್ಕ. ಹಿಂದಿನ ಲೈನರ್ (ಶೂ ಮೇಲಿನ ಉಜ್ಜುವ ಪದರ) ಸದಾ ಉಜ್ಜಿ ಬಿಸಿಯೂ ಆಗುತ್ತದೆ. ನಾನೂ ಹೊಸದರಲ್ಲಿ ಇದೇ ಜಾಣತನ ಮಾಡಿದ್ದೆ. ಘಾಟಿ ಇಳಿಯುವಾಗ ಸುಟ್ಟ ವಾಸನೆ ಬಂದಾಗ ಮುಂದಿನ ಲಾರಿಯದ್ದು ಅಂದುಕೊಂಡು ಕಿಟಕಿ ಏರಿಸಿದೆ. ವಾಸನೆ ಇನ್ನೂ ಜಾಸ್ತಿ ಆಯಿತು!

ಹಾಗಾಗಿ ಮೊದಲ ಕೆಲಸ ಕೇಬಲ್ ಸಡಿಲ ಮಾಡುವುದು. ಬೀಟಲ್‌ನಲ್ಲಿ ಹ್ಯಾಂಡ್‌ಬ್ರೇಕ್ ಲಿವರ್ ಬುಡದ ರಬ್ಬರ್ ಬೂಟ್ ಎತ್ತಿದರೆ ಎರಡು ಕೇಬಲ್ ತುದಿ, ಅವಕ್ಕೆ ನಟ್‌ಗಳು ಕಾಣುತ್ತವೆ. ಎರಡನ್ನೂ ಚೆನ್ನಾಗಿ ಬಿಚ್ಚಿ. ಕಾರು ಸಮತಟ್ಟು ಜಾಗದಲ್ಲಿರಲಿ, ನೆಲದ ಮೇಲಿರುವ ಚಕ್ರಗಳಿಗೆ ಕಲ್ಲು ಕೊಡಿ, ಎತ್ತಿದ ಕಡೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ.

ಪ್ರತಿ ಚಕ್ರಕ್ಕೂ ಎರಡು ಸ್ಟಾರ್ ವೀಲ್ (ಅಡ್ಜಸ್ಟರ್‌ನ ಹಲ್ಲಿನ ಗಾಲಿ) ಇರುತ್ತವೆ, ಒಂದೊಂದು ಶೂಗೆ ಒಂದೊಂದು. ಹಳೆಯ ಬೀಟಲ್‌ಗಳಲ್ಲಿ ಡ್ರಮ್ ಮುಖದಲ್ಲೇ ತೂತು. ವೀಲ್ ಕ್ಯಾಪ್ ತೆಗೆದು ಚಕ್ರ ತಿರುಗಿಸುತ್ತಾ ಟಾರ್ಚ್ ಬಿಟ್ಟರೆ ಸ್ಟಾರ್‌ನ ಹಲ್ಲು ಎದುರಿಗೆ ಬರುತ್ತದೆ. ನಂತರದ ಮಾಡೆಲ್‌ಗಳಲ್ಲಿ ತೂತು ಹಿಂಬದಿಯ ಪ್ಲೇಟ್‌ನಲ್ಲಿದೆ, ರಬ್ಬರ್ ಬಿರಡೆ ಹಾಕಿರುತ್ತಾರೆ. ಅಲ್ಲಿ ಕಾರಿನ ಕೆಳಗೆ ಮಲಗಲೇಬೇಕು.

ಉದ್ದ ಸ್ಕ್ರೂಡ್ರೈವರ್ ತೂರಿಸಿ ಹಲ್ಲು ಮೀಟಿ. ಎರಡು ಸ್ಟಾರ್‌ಗಳು ಬಿಗಿಯಾಗುವುದು ವಿರುದ್ಧ ದಿಕ್ಕಿನಲ್ಲಿ. ಇಲ್ಲೇ ಎಷ್ಟೋ ಜನ ಎಡವುತ್ತಾರೆ. ಎರಡನ್ನೂ ಒಂದೇ ಕಡೆ ಮೀಟಿದರೆ ಒಂದು ಶೂ ಬಿಗಿ, ಇನ್ನೊಂದು ಸಡಿಲ. ಮೀಟುತ್ತಾ ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ ನೋಡುತ್ತಿದ್ದರೆ ಯಾವ ದಿಕ್ಕು ಅಂತ ಗೊತ್ತಾಗುತ್ತದೆ. ಚಕ್ರ ನಿಂತ ಮೇಲೆ ಒಳಗೆ ಹೋಗಿ ಪೆಡಲ್ ಎರಡು ಸಲ ಗಟ್ಟಿಯಾಗಿ ಒತ್ತಿ. ಶೂಗಳು ಸರಿದು ನಡುವಿಗೆ ಕೂರುತ್ತವೆ. ವಾಪಸ್ ಬಂದು ನೋಡಿದರೆ ಚಕ್ರ ಮತ್ತೆ ಸಡಿಲ! ಪುನಃ ಬಿಗಿ ಮಾಡಿ, ಪುನಃ ಒತ್ತಿ. ಒತ್ತಿದ ಮೇಲೂ ಬಿಗಿ ಹಾಗೇ ಉಳಿದರೆ ಮಾತ್ರ ಮುಂದಿನ ಹೆಜ್ಜೆ. ನಿಮ್ಮಲ್ಲಿ ಕೆಲಸ ಮಾಡಿದವರು ಬಹುಶಃ ಈ ಒತ್ತುವ ಭಾಗವನ್ನೇ ಬಿಟ್ಟಿದ್ದಾರೆ. ಒಬ್ಬರೇ ಇದ್ದರೆ ಹತ್ತಿ ಇಳಿದು ಸಾಕಾಗುತ್ತದೆ. ಮನೆಯವರನ್ನು ಯಾರನ್ನಾದರೂ ಸೀಟಿನಲ್ಲಿ ಕೂರಿಸಿಕೊಳ್ಳಿ.

ಆಮೇಲೆ ಪ್ರತಿ ಸ್ಟಾರನ್ನೂ ಮೂರ್ನಾಲ್ಕು ಹಲ್ಲು ಹಿಂದಕ್ಕೆ ಬಿಡಿ. ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಹೊಸ ಶೂ ಆದ್ದರಿಂದ ಅಲ್ಲಲ್ಲಿ ಸರ್ ಸರ್ ಅಂತ ಸಣ್ಣ ಸದ್ದು ಬಂದರೆ ಪರವಾಗಿಲ್ಲ. ಆದರೆ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಹಿಡಿದು, ಮಿಕ್ಕ ಕಡೆ ಪೂರ್ತಿ ಸಡಿಲ ಇದ್ದರೆ ಡ್ರಮ್ ದುಂಡಗಿಲ್ಲ. ಅದು ಲೇತ್‌ಗೆ ಮತ್ತೆ ಹೋಗಬೇಕಾದ ಕೇಸು. ಹಿಂದಿನ ಚಕ್ರ ತಿರುಗಿಸುವಾಗ ಗೇರ್ ನ್ಯೂಟ್ರಲ್‌ನಲ್ಲಿರಲಿ. ಅಲ್ಲಿ ಗೇರ್‌ಬಾಕ್ಸಿನ ಎಣ್ಣೆಯ ಎಳೆತವೂ ಕೈಗೆ ಸಿಗುತ್ತದೆ, ಅದನ್ನು ಬ್ರೇಕ್ ಅಂದುಕೊಳ್ಳಬೇಡಿ.

ಸ್ಟಾರ್ ಅಲುಗಾಡದಿದ್ದರೆ ಜೋರು ಮಾಡಬೇಡಿ, ಹಲ್ಲು ಮುರಿಯುತ್ತದೆ. ಡ್ರಮ್ ತೆಗೆದು, ಅಡ್ಜಸ್ಟರ್ ಬಿಚ್ಚಿ, ವೈರ್ ಬ್ರಷ್ ಹಾಕಿ ತಿಕ್ಕಿ, ಶಾಖ ತಡೆಯುವ ಗ್ರೀಸ್ ಚೂರೇ ಚೂರು ಸವರಿ ಹಾಕಿ. ಶೂ ತುದಿ ಕೂರುವ ಸೀಳನ್ನು ಆಗ ಗಮನಿಸಿ. ಅದು ನೇರ ಇಲ್ಲ, ಸ್ವಲ್ಪ ಓರೆಯಾಗಿದೆ. ಶೂ ತುದಿಯ ಓರೆಗೆ ಅದು ಹೊಂದಿಕೊಳ್ಳಬೇಕು. ಉಲ್ಟಾ ಕೂರಿಸಿದರೆ ಶೂ ಸೊಟ್ಟಗೆ ನಿಲ್ಲುತ್ತದೆ, ಎಷ್ಟು ಅಡ್ಜಸ್ಟ್ ಮಾಡಿದರೂ ಸರಿ ಬರಲ್ಲ. ಹಿಂದಿನ ಡ್ರಮ್ ತೆಗೆಯಲು 36 ಮಿ.ಮೀ. ನಟ್ ಬಿಚ್ಚಬೇಕು. ಕಾರು ನೆಲದ ಮೇಲಿದ್ದಾಗಲೇ ಸಡಿಲ ಮಾಡಿ. ವಾಪಸ್ ಹಾಕುವಾಗ ಅದಕ್ಕೆ 295 ನ್ಯೂಟನ್ ಮೀಟರ್ ಆಸುಪಾಸು ಬಿಗಿ ಬೇಕು, ಮೇಲೆ ಹೊಸ ಸ್ಪ್ಲಿಟ್ ಪಿನ್. ಸುಮ್ನೆ ಕೈಯಂದಾಜಿನಲ್ಲಿ ಬಿಡುವ ನಟ್ ಅಲ್ಲ ಅದು.

ಇಷ್ಟಾದ ಮೇಲೆ ಕೊನೆಗೆ ಕೇಬಲ್. ಲಿವರ್ ನಾಲ್ಕನೇ ಕಟ್‌ಗೆ ಬಂದಾಗ ಹಿಂದಿನ ಎರಡೂ ಚಕ್ರ ಕೈಯಲ್ಲಿ ತಿರುಗಬಾರದು, ಕೆಳಗಿಳಿಸಿದರೆ ಎರಡೂ ಪೂರ್ತಿ ಸಡಿಲ ಆಗಬೇಕು.

ಇನ್ನು ಆ ಟರ್ನಿಂಗ್ ವಿಷಯ. ಬೀಟಲ್‌ನ ಹಿಂದಿನ ಡ್ರಮ್ ಹೊಸದರಲ್ಲಿ ಒಳಗೆ 230 ಮಿ.ಮೀ. ವ್ಯಾಸ. ಲೇತ್‌ನಲ್ಲಿ ಒಂದು ಮಿ.ಮೀ. ದೊಡ್ಡದಾಯಿತು ಅಂದುಕೊಳ್ಳಿ. ಹೊಸ ಶೂನ ಬಾಗು ಮಾತ್ರ ಹಳೆಯ ಅಳತೆಯದ್ದೇ. ಆಗ ಲೈನರ್‌ನ ಹೊಟ್ಟೆ ಮಾತ್ರ ಡ್ರಮ್‌ಗೆ ತಾಗುತ್ತದೆ, ಎರಡು ತುದಿ ತಾಗಲ್ಲ. ಇದನ್ನು ಕಣ್ಣಾರೆ ನೋಡಬಹುದು. ಲೈನರ್ ಮೇಲೆ ಸೀಮೆಸುಣ್ಣ ಉಜ್ಜಿ, ಡ್ರಮ್ ಹಾಕಿ, ಅಡ್ಜಸ್ಟರ್ ಸ್ವಲ್ಪ ಬಿಗಿ ಮಾಡಿ ಒಂದೆರಡು ಸುತ್ತು ತಿರುಗಿಸಿ ತೆಗೆಯಿರಿ. ಸುಣ್ಣ ಅಳಿಸಿದ ಜಾಗವೇ ತಾಗುವ ಜಾಗ. ನಡುವೆ ಎರಡು ಬೆರಳಷ್ಟು ಮಾತ್ರ ಅಳಿಸಿದ್ದರೆ, ಲೈನರ್ ಅಂಟಿಸಿ ಕೊಡುವ ಅಂಗಡಿಗೆ ಡ್ರಮ್ ಸಮೇತ ಒಯ್ದು ದಪ್ಪ ಲೈನರ್ ಹಾಕಿಸಿ, ಡ್ರಮ್‌ನ ಬಾಗಿಗೆ ಸರಿಯಾಗಿ ಉಜ್ಜಿಸಿ. ಒಂದೇ ಆಕ್ಸಲ್‌ನ ಎಡ ಬಲ ಡ್ರಮ್‌ಗಳ ಅಳತೆಯೂ ಒಂದೇ ಇರಲಿ. ಇಲ್ಲವಾದರೆ ಬ್ರೇಕ್ ಒತ್ತಿದಾಗ ಕಾರು ಒಂದು ಕಡೆ ಎಳೆಯುತ್ತದೆ.

ಮೊದಲು ಖಾಲಿ ಮೈದಾನದಲ್ಲಿ ನಿಧಾನವಾಗಿ ಓಡಿಸಿ, ನಾಲ್ಕೈದು ಸಲ ನಿಲ್ಲಿಸಿ ನೋಡಿ. 300-400 ಕಿ.ಮೀ. ಆದ ಮೇಲೆ ಲೈನರ್ ಕೂತಿರುತ್ತದೆ, ಆಗ ಇನ್ನೊಮ್ಮೆ ಅಡ್ಜಸ್ಟ್ ಮಾಡಿ.

ಪ್ರಶ್ನೆ: ಮಡಿಕೇರಿಯಲ್ಲಿದ್ದೇನೆ. ಅಜ್ಜನ ಮಾರಿಸ್ ಮೈನರ್ ಓಡಿಸುತ್ತೇನೆ. ಮುಂದೆ ಹೋಗುವಾಗ ಬ್ರೇಕ್ ಚೆನ್ನಾಗಿದೆ. ಏರಿನಲ್ಲಿ ನಿಂತು ಕಾರು ಸ್ವಲ್ಪ ಹಿಂದಕ್ಕೆ ಜಾರಿದರೆ ಮಾತ್ರ ಎಷ್ಟು ಒತ್ತಿದರೂ ಹಿಡಿದ ಹಾಗೆ ಅನಿಸಲ್ಲ. ಭಯ ಆಗುತ್ತದೆ.

ಉತ್ತರ: ಇದರಲ್ಲಿ ಅರ್ಧ ದೋಷವೇ ಅಲ್ಲ, ಕಾರಿನ ಹುಟ್ಟುಗುಣ. ಮೈನರ್‌ನ ಮುಂದಿನ ಚಕ್ರಗಳಲ್ಲಿ ಒಂದೊಂದು ಶೂಗೂ ಬೇರೆ ಬೇರೆ ಸಿಲಿಂಡರ್ ಇದೆ. ಕಾರು ಮುಂದೆ ಹೋಗುವಾಗ ತಿರುಗುವ ಡ್ರಮ್ ಎರಡೂ ಶೂಗಳನ್ನು ತನ್ನ ಜೊತೆಗೇ ಎಳೆದುಕೊಳ್ಳುತ್ತದೆ. ಬಾಗಿಲ ಕೆಳಗೆ ಸಿಗಿಸಿದ ಬೆಣೆ ಬಾಗಿಲು ನೂಕಿದಷ್ಟೂ ಬಿಗಿಯಾಗುತ್ತದಲ್ವಾ, ಹಾಗೆ. ಹಿಂದಕ್ಕೆ ಜಾರುವಾಗ ಅದೇ ಡ್ರಮ್ ಎರಡೂ ಶೂಗಳನ್ನು ತನ್ನಿಂದ ದೂರ ತಳ್ಳುತ್ತದೆ. ಮುಂದಿನ ಬ್ರೇಕಿನ ಶಕ್ತಿ ಅಲ್ಲಿ ಕುಗ್ಗುತ್ತದೆ. ಕಾರನ್ನು ಹಿಡಿಯಬೇಕಾದದ್ದು ಹಿಂದಿನ ಬ್ರೇಕ್.

ಆದ್ದರಿಂದ ಹಿಂದಿನ ಡ್ರಮ್ ಬಿಚ್ಚಿಸಿ ನೋಡಿ. ಆಕ್ಸಲ್ ಸೀಲ್ ಸೋರಿ ಲೈನರ್‌ಗೆ ಎಣ್ಣೆ ಹಿಡಿದಿದ್ದರೆ ತೊಳೆದು ಪ್ರಯೋಜನ ಇಲ್ಲ. ಸೀಲೂ ಲೈನರೂ ಎರಡೂ ಬದಲಾಗಬೇಕು. ಲೈನರ್ ಎಣ್ಣೆ ಹಿಡಿಯದೆ ಒಣಗಿದ್ದರೆ ಅಡ್ಜಸ್ಟ್ ಮಾಡಿಸಿ, ಆಮೇಲೆ ಹ್ಯಾಂಡ್‌ಬ್ರೇಕ್ ಕೇಬಲ್. ಮುಂದಿನ ಚಕ್ರಗಳಲ್ಲಿ ಎರಡೆರಡು ಅಡ್ಜಸ್ಟರ್ ಇದ್ದಾವೆ, ಡ್ರಮ್ ತೂತಿನಲ್ಲಿ ಸ್ಕ್ರೂಡ್ರೈವರ್ ಹಾಕಿ ತಿರುಗಿಸುವಂಥವು. ಚಕ್ರ ನಿಲ್ಲುವ ತನಕ ತಿರುಗಿಸಿ ಒಂದು ಕಟ್ ಹಿಂದಕ್ಕೆ ಬಿಟ್ಟರೆ ಸಾಕು. ಒಂದನ್ನು ಮಾಡಿ ಇನ್ನೊಂದನ್ನು ಮರೆತ ಕಾರುಗಳು ಬೇಕಾದಷ್ಟು ಬರುತ್ತವೆ. ಮೈನರ್‌ನ ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲ ಕೆಳಗೆ, ಕಾರ್ಪೆಟ್ ಅಡಿಯಲ್ಲಿ ಅಡಗಿ ಕೂತಿದೆ. ಕಣ್ಣಿಗೆ ಬೀಳದ್ದರಿಂದ ಆಯಿಲ್ ನೋಡುವುದೂ ಮರೆತುಹೋಗುತ್ತದೆ. ಈ ನೆಪದಲ್ಲಿ ಒಮ್ಮೆ ನೋಡಿ.

ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿಯೇ ಕಾರು ಹೊರಡಿಸುವ ಅಭ್ಯಾಸ ಮಾಡಿಕೊಳ್ಳಿ. ನಿಮ್ಮ ಅಜ್ಜನೂ ಹಾಗೇ ಓಡಿಸಿರುತ್ತಾರೆ.

ಪ್ರಶ್ನೆ: ಶಿವಮೊಗ್ಗದಿಂದ. ನಮ್ಮ ಹಳೆಯ ಅಂಬಾಸಿಡರ್‌ನ ಎಡಗಡೆ ಮುಂದಿನ ಚಕ್ರ ಹತ್ತು ಕಿ.ಮೀ. ಓಡಿದರೆ ಕೈ ಇಡಲಾಗದಷ್ಟು ಬಿಸಿ. ಬೆಳಿಗ್ಗೆ ನೋಡಿದರೆ ಸರಾಗ ತಿರುಗುತ್ತದೆ. ಅಡ್ಜಸ್ಟ್‌ಮೆಂಟ್ ಸಡಿಲ ಮಾಡಿಸಿದರೆ ಒಂದು ವಾರ ಸರಿ, ಮತ್ತೆ ಅದೇ ಕತೆ.

ಉತ್ತರ: ಸಡಿಲ ಮಾಡಿಸುವುದನ್ನು ನಿಲ್ಲಿಸಿ. ಅದು ಅಡ್ಜಸ್ಟ್‌ಮೆಂಟ್ ದೋಷ ಅಲ್ಲ.

ಮುಂದಿನ ಸಲ ಬಿಸಿಯಾಗಿ ಹಿಡಿದುಕೊಂಡಾಗಲೇ ಜಾಕ್ ಹಾಕಿ ಆ ಚಕ್ರದ ಬ್ಲೀಡ್ ನಿಪ್ಪಲ್ (ಏರ್ ತೆಗೆಯುವ ತಿರುಪು) ಸ್ವಲ್ಪ ಬಿಚ್ಚಿ. ಆಯಿಲ್ ಚಿಮ್ಮಿ ಚಕ್ರ ತಟ್ಟನೆ ಸಡಿಲ ಆದರೆ, ಒಳಗೆ ಒತ್ತಡ ಸಿಕ್ಕಿಕೊಂಡಿದೆ ಅಂತ ಅರ್ಥ. ಒಂದೇ ಚಕ್ರದಲ್ಲಿ ಹೀಗಾಗುತ್ತಿರುವುದರಿಂದ ಆ ಚಕ್ರಕ್ಕೆ ಆಯಿಲ್ ಒಯ್ಯುವ ರಬ್ಬರ್ ಹೋಸ್ ಮೇಲೆ ನನ್ನ ಅನುಮಾನ. ಹೊರಗೆ ಚೆನ್ನಾಗಿ ಕಂಡರೂ ಹಳೆಯ ಹೋಸ್ ಒಳಗೆ ಊದಿಕೊಂಡು ದಾರಿ ಕಟ್ಟುತ್ತದೆ. ಕಾಲಿನ ಬಲಕ್ಕೆ ಆಯಿಲ್ ಹೋಗುತ್ತದೆ, ವಾಪಸ್ ಬರಲು ಸ್ಪ್ರಿಂಗಿನ ಬಲ ಸಾಲದು. ರಾತ್ರಿಯಿಡೀ ನಿಂತಾಗ ನಿಧಾನವಾಗಿ ವಾಪಸ್ ಬಂದು ಬೆಳಿಗ್ಗೆ ಸರಿಯಾಗಿರುತ್ತದೆ. ಹೋಸ್ ಬದಲಾಯಿಸುವುದಾದರೆ ಎರಡೂ ಕಡೆಯದ್ದು ಬದಲಾಯಿಸಿ.

ನಿಪ್ಪಲ್ ಬಿಚ್ಚಿದರೂ ಚಕ್ರ ಸಡಿಲ ಆಗದಿದ್ದರೆ ಒಳಗಿನ ಸ್ಪ್ರಿಂಗ್ ಸೋತಿದೆ ಅಥವಾ ವೀಲ್ ಸಿಲಿಂಡರ್ ಪಿಸ್ಟನ್ ತುಕ್ಕು ಹಿಡಿದು ಸಿಕ್ಕಿಕೊಂಡಿದೆ. ಮುಂದೆ ನಾಲ್ಕೂ ಚಕ್ರ ಹೀಗೇ ಬಿಸಿಯಾಗಲು ಶುರುವಾದರೆ ಮಾಸ್ಟರ್ ಸಿಲಿಂಡರ್ ಹತ್ತಿರ ಹೋಗಿ. ಪೆಡಲ್‌ಗೆ ಸ್ವಲ್ಪವೂ ಪ್ಲೇ (ಒತ್ತುವ ಮೊದಲಿನ ಖಾಲಿ ಆಟ) ಇಲ್ಲದಿದ್ದರೆ ಆಯಿಲ್ ವಾಪಸ್ ಡಬ್ಬಕ್ಕೆ ಹೋಗುವ ಸಣ್ಣ ತೂತು ಮುಚ್ಚಿಕೊಂಡೇ ಇರುತ್ತದೆ. ಯಾರಾದರೂ ಗೊತ್ತಿಲ್ಲದೆ ಬ್ರೇಕ್ ಆಯಿಲ್ ಬದಲು ಎಂಜಿನ್ ಆಯಿಲ್ ಸುರಿದಿದ್ದರೂ ರಬ್ಬರ್‌ಗಳೆಲ್ಲಾ ಊದಿ ಹೀಗೇ ಆಗುತ್ತದೆ. ಆಗ ಎಲ್ಲಾ ಕಪ್, ಎಲ್ಲಾ ಹೋಸ್ ಬದಲಾಗಬೇಕು, ಬೇರೆ ದಾರಿ ಇಲ್ಲ.

ಪ್ರಶ್ನೆ: ಡ್ರಮ್ ಒಳಗಿನ ಕಪ್ಪು ಧೂಳನ್ನು ಏರ್ ಹೊಡೆದು ತೆಗೆದರೆ ತಪ್ಪೇನು? ಎಲ್ಲರೂ ಹಾಗೇ ಮಾಡುತ್ತಾರಲ್ಲ.

ಉತ್ತರ: ಮಾಡುತ್ತಾರೆ, ಮಾಡಬಾರದು. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಸಣ್ಣ ಎಳೆಗಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರಲ್ಲ, ವರ್ಷಗಳ ನಂತರ ಕಾಯಿಲೆ ತರುತ್ತವೆ. ಕ್ಯಾನ್ಸರ್ ಕೂಡ. ಲೈನರ್ ಯಾವುದು ಅಂತ ನೋಡಿ ಹೇಳಲು ಆಗಲ್ಲ, ಹಾಗಾಗಿ ಎಲ್ಲವನ್ನೂ ಆಸ್ಬೆಸ್ಟಾಸ್ ಅಂದುಕೊಂಡೇ ಕೆಲಸ ಮಾಡಿ. ಸೋಪು ನೀರು ಚಿಮುಕಿಸಿ, ಪೂರ್ತಿ ಒದ್ದೆಯಾದ ಮೇಲೆ ಬಟ್ಟೆಯಲ್ಲಿ ಒರೆಸಿ. ಕೈಗೆ ಗ್ಲೌಸ್, ಮೂಗಿಗೆ ಒಳ್ಳೆಯ ಮಾಸ್ಕ್ ಇರಲಿ. ಕರವಸ್ತ್ರ ಸಾಲದು. ಒರೆಸಿದ ಬಟ್ಟೆಯನ್ನು ಹಿಂಡಿ ಒಣಗಲು ಹಾಕಬೇಡಿ, ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಬಿಸಾಡಿ.