ಆಗುಂಬೆಗೆ ಎರಡು ದಿನ: ಮಳೆಗೋ, ಸೂರ್ಯಾಸ್ತಕ್ಕೋ?

ನಿಮ್ಮ ಪ್ರಶ್ನೆ ಇದು: ಮೊದಲ ಸಲ ಆಗುಂಬೆಗೆ ಹೊರಟಿದ್ದೀರಿ, ಎರಡು ದಿನ ರಜೆ ಇದೆ, ಮಳೆಯಲ್ಲೂ ನೆನೆಯಬೇಕು, ಸೂರ್ಯಾಸ್ತವನ್ನೂ ನೋಡಬೇಕು, ಯಾವ ತಿಂಗಳು ಒಳ್ಳೆಯದು?

ಎರಡೂ ಒಂದೇ ಸಲ ಸಿಗುವುದು ಕಷ್ಟ. ಜುಲೈ ತಿಂಗಳಲ್ಲಿ ಸೂರ್ಯಾಸ್ತದ ಕಟ್ಟೆ ಮೇಲೆ ಕೊಡೆ ಹಿಡಿದು ನಿಂತು, ಎದುರಿಗೆ ಬರೀ ಬಿಳಿ ಮಂಜು ನೋಡಿ, ಮುಖ ಸಣ್ಣ ಮಾಡಿಕೊಂಡು ವಾಪಸ್ ಹೋಗುವವರನ್ನು ಬೇಕಾದಷ್ಟು ನೋಡಿದ್ದೇನೆ. ದೂರದ ಅರಬ್ಬಿ ಕಡಲಲ್ಲಿ ಸೂರ್ಯ ಮುಳುಗುವುದು ಕಾಣಬೇಕು ಅಂದರೆ ನವೆಂಬರ್‌ನಿಂದ ಜನವರಿ ಒಳಗೆ ಹೋಗಿ. ಆಗಲೂ ಆಕಾಶ ತಿಳಿಯಾಗಿದ್ದರೆ ಮಾತ್ರ. ಮಳೆ ಬೇಕು ಅಂದರೆ ಜೂನ್ ಕೊನೆಯಿಂದ ಆಗಸ್ಟ್. ನನ್ನನ್ನು ಕೇಳಿದರೆ ಮಳೆಗೇ ಹೋಗಿ. ಸೂರ್ಯ ಮುಳುಗುವುದನ್ನು ಮಲ್ಪೆಯಲ್ಲೂ ನೋಡಬಹುದು, ಅಲ್ವಾ?

ಊರು ಇರುವುದೇ ಘಟ್ಟದ ಅಂಚಿನಲ್ಲಿ, 600 ಮೀಟರಿಗೂ ಜಾಸ್ತಿ ಎತ್ತರದಲ್ಲಿ. ಕಡಲಿನಿಂದ ಬರುವ ಗಾಳಿ ಕರಾವಳಿ ದಾಟಿ ನೇರ ಇಲ್ಲಿಗೆ ಬಂದು ಬಡಿಯುತ್ತದೆ. ಮೇಲೇರುತ್ತಾ ತಣ್ಣಗಾಗಿ, ಹೊತ್ತು ತಂದ ನೀರನ್ನು ಇಲ್ಲೇ ಸುರಿಯುತ್ತದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೇಲೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿ.ಮೀ. ಬಿದ್ದ ದಾಖಲೆ ಇದೆ. ಆಗುಂಬೆಗಿದ್ದ ದಕ್ಷಿಣದ ಚಿರಾಪುಂಜಿ ಅನ್ನುವ ಬಿರುದನ್ನು ಈಗ ಇದೇ ಜಿಲ್ಲೆಯ ಹುಲಿಕಲ್ ಕಡೆಯವರು ಬಿಟ್ಟುಕೊಡುವುದಿಲ್ಲ. ಅದು ಬೇರೆ ಜಗಳ.

ಇಂಥ ಮಳೆಯಲ್ಲಿ ಪಟ್ಟಿ ಹಿಡಿದು ಜಾಗ ಸುತ್ತುವ ಆಸೆ ಬಿಡಿ. ಸುಮ್ನೆ ಊರ ಬೀದಿಯಲ್ಲಿ, ಪಕ್ಕದ ಮಣ್ಣುದಾರಿಯಲ್ಲಿ ನಡೆಯಿರಿ. ಹಳೇ ಹೆಂಚಿನ ಮನೆಗಳ ಜಗಲಿಗೆ ಮಳೆ ಎರಚಲು ಬರದಂತೆ ಅಡಿಕೆ ಸೋಗೆಯ ತಟ್ಟಿ ಕಟ್ಟಿರುವುದು ಕಾಣುತ್ತದೆ. ತೋಟದ ಕಡೆ ಹೋದರೆ ತಲೆ ಎತ್ತಿ ನೋಡಿ. ಕೆಲವು ಮರಗಳಲ್ಲಿ ಅಡಿಕೆ ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿರುತ್ತಾರೆ, ಕೊಳೆರೋಗ ಬರದಿರಲಿ ಅಂತ. ಮಳೆ ಬಿಡುವು ಕೊಟ್ಟ ದಿನ ಮೈಲುತುತ್ತ, ಸುಣ್ಣ ಕಲಸಿದ ಔಷಧಿ ಹೊಡೆಯಲು ಮರ ಹತ್ತುತ್ತಾರೆ. ನಮಗೆ ಚಂದ ಕಾಣುವ ಮಳೆ ತೋಟದವರಿಗೆ ಮೂರು ತಿಂಗಳ ಗಾಬರಿ. ಮಾತಾಡಿಸಿ, ಹೇಳುತ್ತಾರೆ. ಕೇಳದೆ ತೋಟದೊಳಗೆ ಮಾತ್ರ ನುಗ್ಗಬೇಡಿ. ದೊಡ್ಡಮನೆಯನ್ನೂ ನೋಡಿ ಬನ್ನಿ. ಶಂಕರ್ ನಾಗ್ ಮಾಲ್ಗುಡಿ ಡೇಸ್ ಚಿತ್ರೀಕರಿಸಿದ ಮನೆ ಅದು. ಅಲ್ಲಿ ಈಗಲೂ ಮನೆಮಂದಿ ಇದ್ದಾರೆ, ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ.

ಇನ್ನು ಇಂಬಳ, ಅಂದರೆ ಕಾಡಿನ ಜಿಗಣೆ. ಎಲೆ ತುದಿಯಲ್ಲಿ ಬಾಲ ಊರಿ, ತಲೆ ಎತ್ತಿ, ನಿಮ್ಮ ಕಡೆಗೇ ತೂಗಾಡುತ್ತಾ ನಿಂತಿರುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಕಾಲ್ಚೀಲ ಕೆಂಪಾದ ಮೇಲೆ ಗೊತ್ತಾಗುತ್ತದೆ. ಗಾಬರಿಯಾಗಿ ಕಿತ್ತೆಸೆಯಬೇಡಿ. ಬೆರಳಿನ ಉಗುರು ಅದರ ಬಾಯಿಯ ಬುಡಕ್ಕೆ ಹಾಕಿ ಪಕ್ಕಕ್ಕೆ ಸರಿಸಿದರೆ ಬಿಟ್ಟುಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತಲೇ ಇರುತ್ತದೆ. ಒತ್ತಿ ಹಿಡಿಯಿರಿ, ಸಾಕು. ಜೀನ್ಸ್ ಪ್ಯಾಂಟ್ ತರಬೇಡಿ, ಒಣಗುವುದೇ ಇಲ್ಲ.

ಕಾಳಿಂಗ ಸರ್ಪ ಕಾಣುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಇರುವುದು ನಿಜ. ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದ್ದೇ ಅದರ ಬೆನ್ನು ಹತ್ತಿ. ಆದರೆ ಎರಡು ದಿನದಲ್ಲಿ ಕಾಣುವ ಸಂಭವ ಕಮ್ಮಿ. ಕಂಡರೂ ಹತ್ತಿರ ಹೋಗಿ ವಿಡಿಯೋ ಮಾಡುವ ಹುಚ್ಚು ಬೇಡ.

ಜಲಪಾತಗಳಲ್ಲಿ ಜೋಗಿಗುಂಡಿ ಊರಿಗೆ ಹತ್ತಿರ. ಬರ್ಕಣ ಸೀತಾ ನದಿಯದ್ದು, ದೂರದ ವ್ಯೂ ಪಾಯಿಂಟಿನಿಂದ ನೋಡಬೇಕು. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಜೋರು ಮಳೆಯಲ್ಲಿ ಬಿಡದೆಯೂ ಇರಬಹುದು. ಎರಡನೇ ದಿನ ಮಳೆ ಸ್ವಲ್ಪ ಹೊಳವಾದರೆ ಕುಂದಾದ್ರಿಗೆ ಹೋಗಿ. ಬೆಟ್ಟದ ಮೇಲೆ ಜೈನ ಬಸದಿ, ಬಂಡೆಯ ಪಕ್ಕ ಕೊಳ. ಗಾಡಿ ಮೇಲಿನ ತನಕ ಹೋಗುತ್ತದೆ. ಶೃಂಗೇರಿ, ಕುಪ್ಪಳಿ, ಕವಲೇದುರ್ಗ ಎಲ್ಲ ಹತ್ತಿರವೇ. ಆದರೆ ಎಲ್ಲವನ್ನೂ ತುರುಕಿದರೆ ಕಾರಿನ ವೈಪರ್ ನೋಡಿಕೊಂಡೇ ರಜೆ ಮುಗಿಯುತ್ತದೆ. ಒಂದನ್ನು ಆರಿಸುವುದಾದರೆ ಕುಪ್ಪಳಿ. ಕುವೆಂಪು ಬೆಳೆದ ಮನೆಯನ್ನು ಮಳೆ ಸದ್ದಿನಲ್ಲಿ ನೋಡುವುದೇ ಚಂದ.

ಉಡುಪಿ ಕಡೆಯಿಂದ ಬರುವುದಾದರೆ ಸೋಮೇಶ್ವರದಿಂದ 14 ಹೇರ್‌ಪಿನ್ ತಿರುವಿನ ಘಾಟಿ ಹತ್ತಬೇಕು. ದೊಡ್ಡ ಬಸ್ಸು, ಲಾರಿ ಅಲ್ಲಿ ಬರುವುದಿಲ್ಲ, ಮಿನಿ ಬಸ್ಸೇ ಗತಿ. ಗುಡ್ಡ ಕುಸಿದು ರಸ್ತೆ ಬಂದ್ ಆಗುವುದೂ ಉಂಟು. ಹೊರಡುವ ಬೆಳಗ್ಗೆ ಉಳಿಯುವ ಮನೆಗೆ ಒಂದು ಫೋನ್ ಹಾಕಿ ಕೇಳಿ. ಬಂದ್ ಆಗಿದ್ದರೆ ಶಿವಮೊಗ್ಗ, ತೀರ್ಥಹಳ್ಳಿ ಮೇಲೆ ಬನ್ನಿ. ಕತ್ತಲಾಗುವ ಮುಂಚೆ ಊರು ಸೇರಿಕೊಳ್ಳಿ. ಆ ಮಂಜಿನಲ್ಲಿ ಹೆಡ್‌ಲೈಟ್ ಹಾಕಿದರೂ ಮುಂದಿನ ತಿರುವು ಕಾಣುವುದಿಲ್ಲ.